ಹಳೇ ಪೆಟ್ರೋಲ್ ಬಂಕ್ ಥರದ ಗ್ಯಾರೇಜ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

12×20 ಅಡಿಯ ಕಾರ್ ಶೆಡ್ಡಿಗೆ 1960ರ ದಶಕದ ಬಂಕಿನ ರೂಪ ಕೊಡಬೇಕು, ಅಲ್ಲೇ ಕಾರು ರಿಪೇರಿಯೂ ಆಗಬೇಕು, ಹಳೇ ಬೋರ್ಡು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಬೋರ್ಡು ಕೊನೆಗಿರಲಿ. ನೆಲ, ಗೋಡೆ, ಬೆಳಕು ಸರಿ ಬಂದರೆ ಒಂದೇ ಒಂದು ಬೋರ್ಡು ಸಾಕು. ಅವು ಕೆಟ್ಟರೆ ಇಪ್ಪತ್ತು ಬೋರ್ಡು ತಗುಲಿಸಿದರೂ ಅದು ಥೀಮ್ ರೆಸ್ಟೋರೆಂಟೇ.

ಮೊದಲು ಒಂದು ಕಂಪನಿ, ಒಂದು ಕಾಲ ಅಂತ ನಿರ್ಧರಿಸಿ. ನಮ್ಮಲ್ಲಿ ವಿದೇಶಿ ತೈಲ ಕಂಪನಿಗಳಾದ ಎಸ್ಸೊ 1974ರಲ್ಲಿ, ಬರ್ಮಾ-ಶೆಲ್ 1976ರಲ್ಲಿ ಸರಕಾರದ ಕೈಗೆ ಬಂದವು. ಬರ್ಮಾ-ಶೆಲ್‌ಗೆ ಭಾರತ್ ಪೆಟ್ರೋಲಿಯಂ ಅನ್ನೋ ಹೆಸರು ಬಂದದ್ದೇ 1977ರಲ್ಲಿ. ಹಾಗಾಗಿ ಬರ್ಮಾ-ಶೆಲ್ ಪಕ್ಕ ಭಾರತ್ ಪೆಟ್ರೋಲಿಯಂ ಲಾಂಛನ ಇಟ್ಟರೆ ಬಲ್ಲವರು ನಗುತ್ತಾರೆ. ಅಮೆರಿಕದ ಹೆದ್ದಾರಿ ಸಂಖ್ಯೆಯ ಅಗ್ಗದ ತಗಡುಗಳನ್ನಂತೂ ದೂರವಿಡಿ. ಬಿಳಿ ಗೋಡೆ, ಹಸಿರು ಪಟ್ಟೆ ಇಷ್ಟವಾದರೆ ಅದರ ಮೂಲ 1930ರ ದಶಕದಲ್ಲಿ ಅಮೆರಿಕದ ವಿನ್ಯಾಸಕಾರ ವಾಲ್ಟರ್ ಡಾರ್ವಿನ್ ಟೀಗ್ ಅಲ್ಲಿನ ಟೆಕ್ಸಾಕೊ ತೈಲ ಕಂಪನಿಗೆ ಮಾಡಿಕೊಟ್ಟ ವಿನ್ಯಾಸ: ಬಿಳಿ ಎನಾಮಲ್ (ಉಕ್ಕಿನ ಮೇಲೆ ಕೂರಿಸಿದ ಗಾಜಿನ ಲೇಪ) ಫಲಕ, ಹಸಿರು ಪಟ್ಟೆ, ಕೆಂಪು ನಕ್ಷತ್ರ. ಒರೆಸಿದರೆ ಗ್ರೀಸ್ ಹೋಗಬೇಕು, ದೂರದಿಂದ ಬರುವ ಕಾರಿಗೆ ಕಾಣಬೇಕು ಅನ್ನೋದೇ ಆ ಚೆಂದದ ಹಿಂದಿನ ಲೆಕ್ಕ. ನಿಮ್ಮ ಗ್ಯಾರೇಜಿಗೂ ಅದೇ ಲೆಕ್ಕ ಹೊಂದುತ್ತೆ.

ಖರ್ಚೂ ತಪ್ಪೂ ಹೆಚ್ಚು ಆಗುವುದು ನೆಲದಲ್ಲಿ. ಎಲ್ಲರಿಗೂ ಕರಿ-ಬಿಳಿ ಚೌಕದ ಟೈಲ್ಸ್ ಬೇಕು. ಆದರೆ ಟ್ರಾಲಿ ಜಾಕ್ ಇಟ್ಟಾಗ ಕಾರಿನ ಎತ್ತಿದ ಕಡೆಯ ಭಾರವೆಲ್ಲ ಜಾಕಿನ ನಾಲ್ಕು ಸಣ್ಣ ಚಕ್ರಗಳ ಮೇಲೆ ಬೀಳುತ್ತೆ. ಟೈಲ್ ಕೆಳಗೆ ಗಾರೆ ತುಂಬದೆ ಪೊಳ್ಳು ಉಳಿದಿದ್ದರೆ ಅಲ್ಲೇ ಬಿರುಕು. ಕೂರಿಸಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನೆಲ್ಲ ಮೇಸ್ತ್ರಿಯಿಂದ ತೆಗೆಸಿ ಮತ್ತೆ ಹಾಕಿಸಿ. ನಾನು ಹೇಳುವುದಾದರೆ ಚೌಕಗಳನ್ನು ಬೆಂಚಿನ ಮುಂದಿನ ಮೂರು ಅಡಿಗೆ ಮಾತ್ರ ಇಟ್ಟು, ಕಾರು ನಿಲ್ಲುವ ಕಡೆ ಸಿಮೆಂಟ್ ನೆಲದ ಮೇಲೆ ಬೂದು ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿಯುವ ಗಟ್ಟಿ ಲೇಪ) ಹಾಕಿಸಿ. ಬಂಕಿನ ಸರ್ವಿಸ್ ಜಾಗಕ್ಕೆ ಅದೇ ಒಪ್ಪುತ್ತೆ.

ಹೊಸ ಕಾಂಕ್ರೀಟ್ ಆದರೆ ಎಪಾಕ್ಸಿಗೆ ಮುಂಚೆ 28 ದಿನ ಬಿಡಬೇಕು. ಆಮೇಲೂ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕಂಡರೆ, ಅಥವಾ ನೆಲ ಕಪ್ಪಾಗಿದ್ದರೆ ತೇವ ಇನ್ನೂ ಇದೆ, ಬಣ್ಣ ಗುಳ್ಳೆ ಏಳುತ್ತೆ. ಮಳೆಗಾಲದಲ್ಲಿ ಈ ಕೆಲಸ ಹಿಡಿಯಲೇಬೇಡಿ. ಗ್ರೈಂಡರ್ ಹೊಡೆಸದೆ ನುಣುಪು ನೆಲದ ಮೇಲೆ ತೆಳುವಾಗಿ ಬಳಿದರೆ, ಓಡಿ ಬಂದ ಕಾರಿನ ಬಿಸಿ ಟೈರೇ ಅದನ್ನು ಕಿತ್ತುಕೊಂಡು ಹೋಗುತ್ತೆ. ಶಟರ್ ಹತ್ತಿರ ಬಿಸಿಲು ಬೀಳುವ ಕಡೆ ಮೇಲೊಂದು ಪಾಲಿಯುರೆಥೇನ್ ಕೋಟ್ ಇರಲಿ, ಇಲ್ಲದಿದ್ದರೆ ಎಪಾಕ್ಸಿ ಹಳದಿಗೆ ತಿರುಗುತ್ತೆ. ಇಳಿಜಾರು ಹೊರಗಡೆಗೆ, 20 ಅಡಿಗೆ ಎರಡೂವರೆ ಅಂಗುಲದಷ್ಟು ಸಾಕು.

ಗೋಡೆಗೆ ನಾಲ್ಕು ಅಡಿವರೆಗೆ ಬಿಳಿ ಹೊಳಪಿನ ಟೈಲ್ಸ್, ಮೇಲೆ ಬಣ್ಣ. ಹಸಿ ಗಿಲಾವಿನ ಮೇಲೆ ಎಣ್ಣೆ ಆಧಾರದ ಎನಾಮಲ್ ಪೇಂಟ್ ಹೊಡೆಸಬೇಡಿ, ಸಿಮೆಂಟಿನ ಕ್ಷಾರ ಅದನ್ನು ತಿಂದು ಸಿಪ್ಪೆ ಏಳಿಸುತ್ತೆ. ಪಟ್ಟೆಗಳು ಎರಡೆರಡು ಅಂಗುಲದ ಮೂರು, ನಡುವೆ ಎರಡೆರಡು ಅಂಗುಲ ಬಿಳಿ. ಅಂಚು ಗರಿಗರಿಯಾಗಿ ಬರಬೇಕೆಂದರೆ ಟೇಪ್ ಅಂಟಿಸಿ ಮೊದಲು ಅದರ ಅಂಚಿಗೆ ಗೋಡೆಯ ಬಿಳಿಯನ್ನೇ ಒಂದು ಕೈ ಹೊಡೆಯಿರಿ, ಒಣಗಿದ ಮೇಲೆ ಹಸಿರು. ಸಂದಿಯಲ್ಲಿ ಸೋರುವುದು ಬಿಳಿ, ಹಸಿರಲ್ಲ. ಹಸಿರು ಪೂರ್ತಿ ಒಣಗುವ ಮೊದಲೇ ಟೇಪ್ ಎಳೆಯಿರಿ.

ಬಾತುಕೋಳಿ ಕತ್ತಿನಂತೆ ಬಾಗಿದ ಕೊಳವೆಯ ದೀಪಗಳು ಹೊರಗೆ ಶಟರ್ ಮೇಲೆ ಎರಡು ಇರಲಿ, 12 ಅಂಗುಲದ ಎನಾಮಲ್ ಛತ್ರಿ, 2700 ಕೆಲ್ವಿನ್ (ಹಳದಿ ಬೆಳಕಿನ) ಬಲ್ಬ್. ಅದು ನೋಟಕ್ಕೆ. ಕೆಲಸಕ್ಕೆ ಆ ಬೆಳಕು ಸಾಲದು. 240 ಚದರಡಿಗೆ 500 ಲಕ್ಸ್ (ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೇಕೆಂದರೆ ಸುಮಾರು 11,000 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ). ನೆರಳು, ಧೂಳಿಗೆ ಹೋಗುವುದನ್ನೂ ಸೇರಿಸಿ 16,000 ಇಟ್ಟುಕೊಳ್ಳಿ, ಅಂದರೆ 2,000 ಲ್ಯೂಮೆನ್ ಕೊಡುವ ನಾಲ್ಕಡಿ ಎಲ್‌ಇಡಿ ಬ್ಯಾಟನ್ ಎಂಟು. ಕಾರಿನ ನೆತ್ತಿಗೆ ಹಾಕಿದರೆ ಬೆಳಕೆಲ್ಲ ಟಾಪ್ ಮೇಲೆ ವ್ಯರ್ಥ. ಎರಡೂ ಬದಿಗೆ ಸಾಲಾಗಿ ಹಾಕಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತೆ. ಪ್ಲಗ್ ಪಾಯಿಂಟುಗಳು ಒಂದೂವರೆ ಅಡಿಗಿಂತ ಕೆಳಗೆ ಬೇಡ, ಬೆಂಚಿನ ಮಟ್ಟದಲ್ಲಿದ್ದರೆ ಇನ್ನೂ ಒಳ್ಳೆಯದು. ಕಂಪ್ರೆಸರಿಗೆ ಬೇರೆ ಲೈನ್, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಸಿ ಮಾದರಿಯ ಎಂಸಿಬಿ (ಬಿ ಮಾದರಿ ಸ್ಟಾರ್ಟಿಂಗ್ ಹೊಡೆತಕ್ಕೇ ಬೀಳಬಹುದು), ಇಡೀ ಶೆಡ್ಡಿಗೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.

ಗುಜರಿಯಲ್ಲಿ ಹಳೇ ಪಂಪ್ ಸಿಕ್ಕರೆ ಒಳಗಿನದ್ದೆಲ್ಲ ತೆಗೆಸಿ ಸ್ಪ್ಯಾನರ್ ಬೀರು ಮಾಡಿಕೊಳ್ಳಿ. ಒಳಗಿನ ಪೈಪು, ಮೀಟರುಗಳಲ್ಲಿ ಇಂಧನದ ಪಸೆ ಉಳಿದಿರುತ್ತೆ, ಅವನ್ನು ಬಿಚ್ಚದೆ ಕಟರ್, ವೆಲ್ಡಿಂಗ್ ಹತ್ತಿರ ತರಬೇಡಿ. ಅದರಿಂದ ನಿಜವಾಗಿ ಪೆಟ್ರೋಲ್ ಹಾಕುವ ಆಸೆ ಬಿಡಿ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್, ಒಂದು ಲೋಹದ ಡಬ್ಬದಲ್ಲಿ 25 ಲೀಟರ್ ಮೀರುವಂತಿಲ್ಲ.

ಇನ್ನು ಬೋರ್ಡು. ಬೆಂಗಳೂರಿನಲ್ಲಾದರೆ ಶಿವಾಜಿನಗರದ ಗುಜರಿ, ಮುಂಬಯಿಯಲ್ಲಿ ಚೋರ್ ಬಜಾರ್ ನೋಡಿ. ಅಸಲಿ ಎನಾಮಲ್ ಅಂದರೆ ಉಕ್ಕಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಕೈಯಾಡಿಸಿದರೆ ಸಾಮಾನ್ಯವಾಗಿ ಬಣ್ಣಗಳ ಅಂಚಿನಲ್ಲಿ ಸಣ್ಣ ಏರು ಸಿಗುತ್ತೆ, ಚಕ್ಕೆ ಎದ್ದ ಕಡೆ ಗಾಜಿನ ದಪ್ಪ ಕಾಣುತ್ತೆ. ಚಕ್ಕೆ ಸುತ್ತ ತುಕ್ಕಿದ್ದು, ಮೊಳೆ ತೂತು ಮಾತ್ರ ಹೊಸದರಂತಿದ್ದರೆ ಅನುಮಾನಪಡಿ. ತಗುಲಿಸುವಾಗ ಸ್ಕ್ರೂ ಕೆಳಗೂ ಹಿಂದೆಯೂ ರಬ್ಬರ್ ವಾಷರ್ ಇಟ್ಟು ಕೈಯಿಂದಲೇ ಬಿಗಿ ಮಾಡಿ. ಡ್ರಿಲ್ ಮಷಿನ್ ಹಾಕಿದರೆ ಎನಾಮಲ್ ಅಲ್ಲೇ ಸಿಡಿಯುತ್ತೆ.