ಮನಸ್ಸಿಗೆ ಹಿಡಿಸಿದ ಚಿತ್ರವೋ, ಬೆಲೆ ಏರುವ ಚಿತ್ರವೋ?

ಪ್ರಶ್ನೆ: ಮನೆಗೊಂದು ಒಳ್ಳೆಯ ಪೇಂಟಿಂಗ್ ತರಬೇಕೆಂದು ದುಡ್ಡು ಕೂಡಿಟ್ಟಿದ್ದೇನೆ. ಗ್ಯಾಲರಿಯೊಂದರಲ್ಲಿ ಹೊಸ ಕಲಾವಿದೆಯೊಬ್ಬರ ಚಿತ್ರ ನೋಡಿದೆ. ಖಾಲಿ ಕೋಣೆ, ತೆರೆದ ಕಿಟಕಿ, ಅಷ್ಟೇ. ಮತ್ತೆ ಮತ್ತೆ ಹೋಗಿ ನೋಡಿ ಬಂದೆ. ನಮ್ಮವರು ಮಾತ್ರ, ‘ಅದೇ ದುಡ್ಡಿಗೆ ಹೆಸರಾಂತ ಕಲಾವಿದರ ಪ್ರಿಂಟ್ ಸಿಗುತ್ತೆ, ಮುಂದೆ ಬೆಲೆ ಏರುತ್ತೆ. ಹೆಸರಿಲ್ಲದವರ ಚಿತ್ರಕ್ಕೆ ಸುರಿಯೋದು ದಂಡ’ ಎನ್ನುತ್ತಾರೆ. ಹಟ ಹಿಡಿದು ತಂದರೆ, ಅದನ್ನು ನೋಡಿದಾಗಲೆಲ್ಲ ಜಗಳವೇ ನೆನಪಾಗುತ್ತದೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ಈ ದುಡ್ಡು ಮುಂದೆ ಮಕ್ಕಳ ಓದಿಗೋ ಆಸ್ಪತ್ರೆ ಖರ್ಚಿಗೋ ಬೇಕಾಗಬಹುದಾ? ಹೌದು ಅಂತಾದರೆ ಎರಡೂ ಬೇಡ. ಕಷ್ಟಕಾಲಕ್ಕೆ ಚಿತ್ರ ಕೈಹಿಡಿಯುತ್ತದೆ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ.

ಯಾಕೆಂದರೆ, ಗ್ಯಾಲರಿಯಲ್ಲಿ ನೀವು ಕೊಡುವ ಬೆಲೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಗ್ಯಾಲರಿಯದೇ ಪಾಲು. ನಾಳೆ ಮಾರಲು ಹೊರಟರೆ ಅವರೇ ವಾಪಸ್ ಕೊಳ್ಳುತ್ತಾರೆ ಎಂಬ ಖಾತರಿ ಇಲ್ಲ. ಹರಾಜಿಗೆ ಇಡೋಣ ಎಂದರೆ ಬಹುಪಾಲು ಕಲಾವಿದರ ಕೃತಿಗಳು ದೊಡ್ಡ ಹರಾಜಿನವರೆಗೆ ಹೋಗುವುದೇ ಇಲ್ಲ. ಹೋದರೂ ಮಾರುವವರಿಂದ ಕಮಿಷನ್, ಕೊಳ್ಳುವವರಿಂದ ಬೇರೆ ಶುಲ್ಕ. ಸಾಗಣೆ, ವಿಮೆ ಎಲ್ಲ ಕಳೆದು ಕೈಗೆಷ್ಟು ಬಂತು ಎನ್ನುವುದೇ ನಿಜವಾದ ಲೆಕ್ಕ.

ನಿಮ್ಮವರ ಮಾತು ಸುಳ್ಳೇನಲ್ಲ. ರಾಬರ್ಟ್ ರಾಶೆನ್‌ಬರ್ಗ್ ಎಂಬ ಅಮೆರಿಕದ ಕಲಾವಿದರ ‘ಥಾ’ ಎಂಬ ಕೃತಿಯನ್ನು 1958ರಲ್ಲಿ 900 ಡಾಲರಿಗೆ ಕೊಂಡವರು 1973ರ ಹರಾಜಿನಲ್ಲಿ 85,000 ಡಾಲರಿಗೆ ಮಾರಿದರು. ಆದರೆ ಅದೇ ಕಾಲದಲ್ಲಿ ಕೊಂಡು, ಆಮೇಲೆ ಯಾರೂ ಕೇಳದೆ ಉಳಿದ ಚಿತ್ರಗಳ ಸುದ್ದಿಯನ್ನು ಯಾರೂ ಬರೆಯುವುದಿಲ್ಲ. ನಮ್ಮ ಕಿವಿಗೆ ಬೀಳುವುದು ಗೆದ್ದವರ ಕಥೆ ಮಾತ್ರ.

ಇನ್ನು ಆ ಪ್ರಿಂಟ್. ಅದು ಎಂಥದ್ದು ಎಂದು ಇಬ್ಬರೂ ಹತ್ತಿರದಿಂದ ನೋಡಿ. ಕಲಾವಿದರು ತಾವೇ ಅಚ್ಚಿನ ತಟ್ಟೆ ಮಾಡಿ, ಇಂತಿಷ್ಟೇ ಪ್ರತಿ ಎಂದು ತೆಗೆದಿದ್ದರೆ ಕೆಳಗಿನ ಅಂಚಿನಲ್ಲಿ ಸಾಮಾನ್ಯವಾಗಿ ಪೆನ್ಸಿಲ್‌ನಲ್ಲಿ ಸಹಿಯೂ 12/50 ಎಂಬಂಥ ಸಂಖ್ಯೆಯೂ ಇರುತ್ತದೆ. ಐವತ್ತರಲ್ಲಿ ಹನ್ನೆರಡನೆಯದು ಎಂದರ್ಥ. ಹಾಗಲ್ಲದೆ, ಯಾವುದೋ ಪೇಂಟಿಂಗಿನ ಫೋಟೊ ತೆಗೆದು ಒಳ್ಳೆ ಕಾಗದದ ಮೇಲೆ ಮುದ್ರಿಸಿದ್ದಾದರೆ ಅದು ದುಬಾರಿ ಪೋಸ್ಟರ್, ಸಹಿ ಇದ್ದರೂ ಸರಿಯೇ. ಹೂಡಿಕೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ನನಗೆ ತುಂಬ ಪ್ರೀತಿಯ ದಂಪತಿಯೊಬ್ಬರಿದ್ದರು: ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್. ಆತ ಅಂಚೆ ಇಲಾಖೆಯ ನೌಕರ, ಆಕೆ ಲೈಬ್ರೇರಿಯನ್. ಆಕೆಯ ಸಂಬಳದಲ್ಲಿ ಸಂಸಾರ, ಆತನದರಲ್ಲಿ ಚಿತ್ರ. ಕೈಗೆಟುಕಬೇಕು, ತಮ್ಮ ಪುಟ್ಟ ಮನೆಯಲ್ಲಿ ಹಿಡಿಸಬೇಕು, ಇಷ್ಟೇ ಅವರ ನಿಯಮ. ಆಗಿನ್ನೂ ಹೆಸರಾಗದವರ ಸ್ಟುಡಿಯೊಗಳಿಗೆ ಹೋಗಿ ಕೂತು, ನೋಡಿ, ಮಾತಾಡಿ ಕೊಂಡರು. ಸಾವಿರಾರು ಕೃತಿಗಳಾದವು. ಲಾಭಕ್ಕೆ ಮಾರಲಿಲ್ಲ. 1992ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಎಂಬ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಪ್ರೀತಿಯಿಂದ ಕೊಂಡರೆ ಬೆಲೆ ತಾನಾಗಿ ಏರುತ್ತದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರು ಇಬ್ಬರೂ ಒಟ್ಟಿಗೆ ಹೋಗಿ ನೋಡುತ್ತಿದ್ದರು, ನೋಡಿ.

ನೀವು ಅದನ್ನೇ ಮಾಡಿಲ್ಲ ಅನಿಸುತ್ತೆ. ಪತ್ರದಲ್ಲಿ ನಿಮ್ಮವರು ಚಿತ್ರದ ಬೆಲೆಯ ಬಗ್ಗೆ ಮಾತಾಡಿದ್ದಾರೆ, ಚಿತ್ರದ ಬಗ್ಗೆ ಒಂದು ಮಾತೂ ಇಲ್ಲ. ಒಮ್ಮೆ ಸುಮ್ನೆ ಕರ್ಕೊಂಡು ಹೋಗಿ. ಅಲ್ಲಿ ವಾದ ಬೇಡ. ಆ ಕಿಟಕಿಯಲ್ಲಿ ನಿಮಗೆ ಏನು ಕಂಡಿತು ಅಂತ ಮಾತ್ರ ಹೇಳಿ, ಅವರಿಗೇನು ಕಂಡಿತು ಅಂತ ಕೇಳಿ. ಅವರ ಆತಂಕಕ್ಕೂ ಬೆಲೆ ಕೊಡಿ: ಈ ದುಡ್ಡು ಖರ್ಚಾಯಿತು, ವಾಪಸ್ ಬರದಿದ್ದರೂ ಸಂಸಾರಕ್ಕೆ ತೊಂದರೆ ಇಲ್ಲ ಎಂದು ಇಬ್ಬರೂ ಲೆಕ್ಕ ಹಾಕಿ ಒಪ್ಪಿಕೊಳ್ಳಿ.

ಅಷ್ಟಾದರೆ ನನ್ನ ಮತ ನಿಮ್ಮ ಕಿಟಕಿಗೇ. ದಿನಾ ಎದುರಿಗಿರುವುದು ಚಿತ್ರ ತಾನೇ, ಅದರ ಬೆಲೆಯಲ್ಲವಲ್ಲ. ಪ್ರದರ್ಶನ ಯಾವಾಗ ಮುಗಿಯುತ್ತದೆ ವಿಚಾರಿಸಿ. ಮುಂಗಡ ಕೊಟ್ಟರೆ ತೆಗೆದಿಡುವ, ಕಂತಿನಲ್ಲಿ ಕೊಡುವ ಗ್ಯಾಲರಿಗಳೂ ಇವೆ. ಕಲಾವಿದೆಯ ಹೆಸರು, ಇಸವಿ, ಅಳತೆ ಎಲ್ಲ ಬರೆದ ಬಿಲ್ಲನ್ನೂ ಇದು ಅವರದೇ ಕೃತಿ ಎಂದು ಸಹಿ ಹಾಕಿದ ಪ್ರಮಾಣಪತ್ರವನ್ನೂ ಮರೆಯದೆ ಕೇಳಿ ಪಡೆಯಿರಿ.