ನವ ಪ್ಲೇಟೋವಾದ ನಂತರದ ಧರ್ಮ ಮತ್ತು ಕಲೆಯ ಮೇಲೆ ಹೇಗೆ ಪ್ರಭಾವ ಬೀರಿತು?

ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋನ ವಿಚಾರಗಳನ್ನು ಹೊಸದಾಗಿ ಬೆಳೆಸಿದ ಈ ಚಿಂತನೆಯ ಮೂಲಪುರುಷ ಪ್ಲಾಟಿನಸ್, ಕ್ರಿ.ಶ. 3ನೇ ಶತಮಾನದಲ್ಲಿ ರೋಮಿನಲ್ಲಿ ಪಾಠ ಹೇಳುತ್ತಿದ್ದವನು. ಅವನ ಪ್ರಕಾರ ಎಲ್ಲಕ್ಕೂ ಮೂಲ ಮಾತಿಗೆ ನಿಲುಕದ ‘ಒಂದು’. ಅದರಿಂದ ಬುದ್ಧಿ, ಬುದ್ಧಿಯಿಂದ ಆತ್ಮ, ಆತ್ಮದಿಂದ ಕಾಣುವ ಜಗತ್ತು, ಸೂರ್ಯನಿಂದ ಬೆಳಕು ಹೊಮ್ಮುವಂತೆ ಹೊಮ್ಮಿವೆ. ಒಳಮುಖವಾದ ಮನುಷ್ಯ ಅದೇ ಹಾದಿಯಲ್ಲಿ ಮೂಲಕ್ಕೆ ಮರಳಬಲ್ಲ.

ಕ್ರೈಸ್ತ ಸಂತ ಅಗಸ್ಟೀನ್ ಈ ಪಂಥದ ಗ್ರಂಥಗಳನ್ನು ಲ್ಯಾಟಿನ್‌ನಲ್ಲಿ ಓದಿದ. ದೇವರಿಗೆ ದೇಹವಿಲ್ಲ, ಕೆಡುಕೆಂಬುದು ಸ್ವತಂತ್ರ ವಸ್ತುವಲ್ಲ, ಒಳಿತಿನ ಕೊರತೆ ಎಂಬ ನಿಲುವಿಗೆ ಅವನು ಬಂದದ್ದು ಆ ಓದಿನ ಬಲದಿಂದ. 9ನೇ ಶತಮಾನದ ಬಾಗ್ದಾದಿನಲ್ಲಿ ಪ್ಲಾಟಿನಸನ ಬರಹದ ಅರಬ್ಬಿ ರೂಪಾಂತರವೊಂದು ಅರಿಸ್ಟಾಟಲನ ಹೆಸರಿನಲ್ಲಿ ಹಬ್ಬಿ ಇಸ್ಲಾಮಿ ತತ್ತ್ವಚಿಂತನೆಯನ್ನು ಬೆಳೆಸಿತು.

ಕಲೆಯ ವಿಷಯದಲ್ಲಿ ಪ್ಲಾಟಿನಸನ ಕೊಡುಗೆ ಇನ್ನೂ ದೊಡ್ಡದೆಂದು ನನ್ನ ಭಾವನೆ. ಕಾಣುವ ಜಗತ್ತೇ ಆದರ್ಶ ರೂಪಗಳ ನಕಲು, ಕಲಾವಿದ ಆ ನಕಲಿನ ನಕಲು ಮಾಡುವವನೆಂದು ಪ್ಲೇಟೋ ಹಳಿದಿದ್ದ. ಪ್ಲಾಟಿನಸ್ ಅದನ್ನು ಒಪ್ಪಲಿಲ್ಲ: ಶಿಲ್ಪಿ ಫಿಡಿಯಾಸ್ ಯಾರನ್ನೋ ನೋಡಿ ಜ್ಯೂಸ್ ದೇವನನ್ನು ಕೆತ್ತಲಿಲ್ಲ, ಜ್ಯೂಸ್ ತಾನಾಗಿ ಕಣ್ಣಿಗೆ ಕಾಣಬಯಸಿದ್ದರೆ ಹೇಗಿರುತ್ತಿದ್ದನೋ ಹಾಗೆ ಕೆತ್ತಿದ ಎಂದ. ಕಲೆಗೆ ಇಷ್ಟು ಗೌರವ ಕೊಟ್ಟ ಮಾತು ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಅಪರೂಪ.

ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಚರ್ಚನ್ನು 1140ರ ದಶಕದಲ್ಲಿ ಬಣ್ಣದ ಗಾಜಿನ ಬೆಳಕಿನಿಂದ ತುಂಬಿದ ಮಠಾಧಿಪತಿ ಸುಗೇರ್, ಮಂದ ಮನಸ್ಸು ಭೌತಿಕ ವಸ್ತುಗಳ ಮೂಲಕವೇ ಸತ್ಯಕ್ಕೇರುತ್ತದೆ ಎಂದು ಅದರ ಬಾಗಿಲ ಮೇಲೆ ಬರೆಸಿದ; ಕಾಣುವ ಜಗತ್ತಿನಿಂದ ಮೂಲಕ್ಕೆ ಮರಳುವ ಪ್ಲಾಟಿನಸನ ಹಾದಿಯನ್ನೇ ಈ ಮಾತು ನೆನಪಿಸುತ್ತದೆ. ಮುಂದೆ ಫ್ಲಾರೆನ್ಸಿನಲ್ಲಿ ಮಾರ್ಸೀಲಿಯೊ ಫಿಚೀನೊ ಮಾಡಿದ ಪ್ಲಾಟಿನಸನ ಲ್ಯಾಟಿನ್ ಅನುವಾದ 1492ರಲ್ಲಿ ಅಚ್ಚಾಯಿತು. ಫಿಚೀನೊಗೆ ಆಶ್ರಯವಿತ್ತ, ಆ ನಗರದ ಪ್ರಬಲ ಮೆಡಿಚಿ ಮನೆತನದಲ್ಲೇ, ಈ ವಿಚಾರಗಳ ನಡುವೆ, ಹುಡುಗ ಮೈಕೆಲ್ಯಾಂಜೆಲೊ ಶಿಲ್ಪ ಕಲಿಯುತ್ತಿದ್ದ.