ಬುಡಾಪೆಸ್ಟ್‌ನಲ್ಲಿ ಎರಡು ದಿನ: ಕುಡಿಯದವರಿಗೆ ರಾತ್ರಿ ಏನಿದೆ?

ಎರಡೇ ದಿನ ಇದೆ, ಕುಡಿಯುವ ಅಭ್ಯಾಸವಿಲ್ಲ, ಆದರೂ ರಾತ್ರಿ ರೂಮಿನಲ್ಲಿ ಕೂರಲು ಮನಸ್ಸಿಲ್ಲ ಎಂದಿದ್ದೀರಿ. ಒಳ್ಳೆಯ ಊರನ್ನೇ ಆರಿಸಿಕೊಂಡಿದ್ದೀರಿ. ನನ್ನ ಕೇಳಿದರೆ ಬುಡಾಪೆಸ್ಟ್‌ನ ಚೆಂದ ಜಾಸ್ತಿ ಇರುವುದು ಕತ್ತಲಾದ ಮೇಲೆಯೇ.

ಮೊದಲ ಸಂಜೆ ಎಂ2 ಮೆಟ್ರೊ ಹಿಡಿದು ಬಾಟ್ಯಾನಿ ಚೌಕದಲ್ಲಿ ಇಳಿಯಿರಿ. ಎದುರಿಗೆ ಡ್ಯಾನ್ಯೂಬ್ ನದಿ, ಆಚೆ ದಡದಲ್ಲಿ ದೀಪ ಹೊತ್ತಿಸಿಕೊಂಡ ಪಾರ್ಲಿಮೆಂಟ್. ಅದರ ಬುಡದಲ್ಲೇ ನಿಂತರೆ ಕತ್ತು ನೋಯುತ್ತದೆಯೇ ಹೊರತು ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಗುಮ್ಮಟ 96 ಮೀಟರ್ ಎತ್ತರ. ಹಂಗೇರಿಯನ್ನರು ಈ ನೆಲಕ್ಕೆ ಬಂದದ್ದು 896ರಲ್ಲಿ ಎಂಬ ಲೆಕ್ಕಕ್ಕೆ ಆ ಅಳತೆ. ದೀಪ ಬೆಳಗಿನವರೆಗೆ ಇರುವುದಿಲ್ಲ, ಹೊತ್ತು ಮುಳುಗುತ್ತಿದ್ದಂತೆ ಹೋಗಿಬಿಡಿ. ಆಮೇಲೆ ಪಾರ್ಲಿಮೆಂಟ್ ಇರುವ ಪೆಸ್ಟ್ ದಡಕ್ಕೆ ವಾಪಸ್ ಬಂದು 2ನೇ ನಂಬರ್ ಟ್ರಾಮ್ ಹತ್ತಿ. ನದಿ ಪಕ್ಕದಲ್ಲೇ ಓಡುತ್ತದೆ, ಕೋಟೆ, ಚೈನ್ ಬ್ರಿಡ್ಜ್ ಎಲ್ಲ ಕಿಟಕಿಯಲ್ಲೇ ಸಿಗುತ್ತವೆ. ದುಬಾರಿ ಕ್ರೂಸ್ ಯಾಕೆ, ಅಲ್ವಾ?

ಇನ್ನು ಪಾಳು ಮನೆಗಳಲ್ಲಿ ನಡೆಯುವ ರೂಯಿನ್ ಬಾರ್‌ಗಳು. ಬಾರ್ ಅಂತ ಬಿಡಬೇಡಿ, ನಿಂಬೆಹಣ್ಣಿನ ಶರಬತ್ತು ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಇವು ಇರುವುದು 7ನೇ ವಾರ್ಡಿನ ಹಳೆಯ ಯಹೂದಿ ಕೇರಿಯಲ್ಲಿ. 1944ರಲ್ಲಿ ಇಲ್ಲಿನ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದರು. ಯುದ್ಧದ ನಂತರ ಎಷ್ಟೋ ಮನೆಗಳು ಪಾಳುಬಿದ್ದವು. 2000ದ ಸುಮಾರಿಗೆ ಹುಡುಗರು ಆ ಪಾಳು ಅಂಗಳಗಳಲ್ಲೇ ಕುರ್ಚಿ ಹಾಕಿ ವ್ಯಾಪಾರ ಶುರು ಮಾಡಿದರು. ಕಾಜಿನ್ಸಿ ಬೀದಿಯ ಸಿಂಪ್ಲಾ ಕೆರ್ಟ್‌ನಲ್ಲಿ ಸ್ನಾನದ ತೊಟ್ಟಿಯನ್ನು ಸೀಳಿ ಸೋಫಾ ಮಾಡಿದ್ದಾರೆ, ಹಳೆಯ ಟ್ರಾಬಾಂಟ್ ಕಾರಿನೊಳಗೇ ಕೂರಬಹುದು. ಶನಿವಾರ ರಾತ್ರಿ ಕಾಲಿಡಲು ಜಾಗವಿರುವುದಿಲ್ಲ. ಸಂಜೆ ಬೇಗ ಹೋಗಿ. ಅದಕ್ಕೂ ಮೊದಲು, ಬೆಳಕಿರುವಾಗಲೇ ಹತ್ತಿರದ ದೊಹಾನಿ ಬೀದಿಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡಿಬಿಡಿ. 1859ರದ್ದು, ಯುರೋಪಿನಲ್ಲೇ ದೊಡ್ಡದು. ಪಕ್ಕದ ಕೈತೋಟದಲ್ಲಿ 1944-45ರ ಚಳಿಗಾಲದಲ್ಲಿ ಆ ಗೋಡೆಯೊಳಗೆ ಸತ್ತವರ ಗೋರಿಗಳಿವೆ. ಅದನ್ನು ನೋಡಿ ಹೋದರೆ ಬಾರ್‌ನ ಗದ್ದಲ ಬೇರೆ ಥರ ಕೇಳಿಸುತ್ತದೆ.

ಎರಡನೇ ದಿನ ವಾರಾಂತ್ಯವಾಗಿದ್ದರೆ ರುದಾಶ್ ಸ್ನಾನಗೃಹಕ್ಕೆ ರಾತ್ರಿ ಹೋಗುವುದು ನನ್ನ ಮೊದಲ ಆಯ್ಕೆ. ತುರ್ಕರು 16ನೇ ಶತಮಾನದಲ್ಲಿ ಕಟ್ಟಿದ ಗುಮ್ಮಟದಡಿ ಬಿಸಿನೀರಿನ ಕೊಳ, ಮಹಡಿಯ ಮೇಲೆ ನದಿ ಕಾಣುವ ಇನ್ನೊಂದು ಕೊಳ. ರಾತ್ರಿಯ ಸಮಯವನ್ನು ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೊರಡಿ.

ಸಸ್ಯಾಹಾರಿಯಾದರೆ ಲಾಂಗೋಶ್ ತಿನ್ನಿ. ಅಗಲ ಪೂರಿಯಂಥದ್ದು, ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮ್, ಚೀಸ್. ಯೂರೋ ಬದಲು ಫೋರಿಂಟ್‌ನಲ್ಲೇ ದುಡ್ಡು ಕೊಡಿ. 6ನೇ ನಂಬರ್ ಟ್ರಾಮ್ ರಾತ್ರಿಯಿಡೀ ಓಡುತ್ತದೆ, ರೂಮನ್ನು ಆ ದಾರಿಯಲ್ಲೇ ಹಿಡಿದರೆ ಟ್ಯಾಕ್ಸಿ ಬೇಕಾಗುವುದಿಲ್ಲ.